ಕವಚ ತೊಟ್ಟು ಬಿದ್ದವನು

ಸೆವೆರಿನ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ. ತೊರೂನ್ ಪಟ್ಟಣದ ತಮ್ಮ ಚಿಕ್ಕ ಕಚೇರಿಯಲ್ಲಿ ಕಯೇತಾನನೂ ಅವನ ಜೊತೆಯವರೂ, ತಾವು ಕಟ್ಟಿದ ಕತ್ತಿಕಾಳಗದ ವಿಡಿಯೊ ಗೇಮಿನಲ್ಲಿ ಈಟಿ ಎಷ್ಟು ಉದ್ದವಿರಬೇಕೆಂದು ವಾದಿಸುತ್ತಿದ್ದರು. ಫೋನು ಮಾಡಿದವರು ಮೇಷ್ಟ್ರ ಹೆಂಡತಿ ಹಲಿನಾ.

"ನಿಮ್ಮ ಮೇಷ್ಟ್ರು ಹೋಗ್ಬಿಟ್ರು ಕಣಪ್ಪ. ಎದೆನೋವು ಅಂದ್ರು, ಅಷ್ಟೇ. ಗುರುವಾರ ಹನ್ನೊಂದಕ್ಕೆ ಜಪಸರದ ಪ್ರಾರ್ಥನೆ, ಆಮೇಲೆ ಮಣ್ಣು. ಸ್ವಲ್ಪ ಮುಂಚೆ ಬಾ, ನಿನ್ನಿಂದ ಒಂದು ಕೆಲಸ ಆಗ್ಬೇಕು."

ಅದು ಗೇಮಿನ ವಿಷಯವೇ ಇರಬೇಕೆಂದು ಕಯೇತಾನನಿಗೆ ಹೊಳೆಯಿತು. ಅವನ ಮುಖ ಬಿಸಿಯಾಯಿತು.

ಮೇಷ್ಟ್ರು ಹಳೆಯ ಕೈಬರಹದ ಪುಸ್ತಕಗಳನ್ನು ನೋಡಿ ನಲವತ್ತು ವರ್ಷ ಕತ್ತಿವರಸೆ ಕಲಿಸಿದವರು. ಗೇಮಿಗೆಂದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಉಕ್ಕಿನ ಕವಚ ತೊಟ್ಟು, ಮೈಯ ಚಲನೆಯನ್ನು ಹಿಡಿದು ಗೇಮಿನ ಕವಚದವನಿಗೆ ಕೊಡುವ ಕ್ಯಾಮೆರಾಗಳ ನಡುವೆ ಹದಿನಾಲ್ಕು ಸಲ ನೆಲಕ್ಕೆ ಬಿದ್ದು ಹದಿನಾಲ್ಕು ಸಲ ಎದ್ದಿದ್ದರು. "ನೋಡ್ಕೊಳ್ರಯ್ಯ! ಕವಚದೋನು ಬಿದ್ರೆ ಏಳೋಕಾಗಲ್ಲ ಅನ್ನೋದೆಲ್ಲ ಸಿನಿಮಾದೋರ ಸುಳ್ಳು" ಎಂದು ಏದುಸಿರಿನಲ್ಲೇ ನಕ್ಕಿದ್ದರು.

ಆದರೆ ಗೇಮು ಹೊರಬಂದ ಮೇಲೆ ಕವಚದವನನ್ನು ಸೋಲಿಸುವವರೇ ಇಲ್ಲವಾದರು. ಕವಚವಿಲ್ಲದೆ ಈಟಿ ಹಿಡಿದು ಆಡುವವರು ಬೇಸತ್ತು ಆಟ ಬಿಟ್ಟರು. ಮೇಷ್ಟ್ರನ್ನು ಕೇಳಿದರೆ, "ಬರಿಮೈಯೋನು ಸೋಲ್ದೆ ಇನ್ನೇನು? ಅದಕ್ಕೇ ಅಲ್ವೇನಯ್ಯ ಕವಚ ಮಾಡಿಸ್ತಿದ್ದಿದ್ದು!" ಎಂದರು. ಕಯೇತಾನ್ ಅವರಿಗೆ ಹೇಳದೆ, ಬಿದ್ದ ಕವಚದವನು ಏಳುವುದಕ್ಕೆ ಆರು ಸೆಕೆಂಡು ಹಿಡಿಯುವಂತೆ ಮಾಡಿದ. ಎರಡು ಕಡೆಯ ಬಲವೂ ಸಮವಾಯಿತು. ಆಟವೆಂದ ಮೇಲೆ ಇಬ್ಬರಿಗೂ ಗೆಲ್ಲುವ ದಾರಿ ಇರಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಇರಲಿಲ್ಲ. ನಾಚಿಕೆಗೇಡು ಅದರ ಮುಂದಿನದು.

"ಏನಯ್ಯ, ನನ್ನನ್ನ ಮಗುಚಿಬಿದ್ದ ಜಿರಳೆ ಮಾಡಿದ್ದೀಯಲ್ಲ!" ಎಂದು ಮೇಷ್ಟ್ರು ಫೋನಿನಲ್ಲಿ ಕೂಗಿದಾಗ ಅವನು ಅಂಜಿ, "ಕಂಪ್ಯೂಟರಿನ ತಪ್ಪು ಮೇಷ್ಟ್ರೇ, ಸರಿಮಾಡ್ತೀವಿ" ಎಂದುಬಿಟ್ಟ. ಅವರು ಈಸ್ಟರಿಗೆ ಕೇಳಿದರು, ಕ್ರಿಸ್‌ಮಸ್ಸಿಗೆ ಕೇಳಿದರು. ಎರಡು ಸಲವೂ ಅದೇ ಉತ್ತರ. 'ವರಸೆಗಳು: ಗುರು ಸೆವೆರಿನ್' ಎಂದು ಗೇಮಿನ ಮೊದಲಲ್ಲಿ ಬರುತ್ತಿದ್ದ ಸಾಲನ್ನು ಮಾತ್ರ ಅವನು ತೆಗೆಯಲಿಲ್ಲ. ಆ ಹೆಸರನ್ನು ನೋಡಿಯೇ ಜನ ಗೇಮನ್ನು ನಂಬುತ್ತಿದ್ದರು.

ಗುರುವಾರ ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಶವಪೆಟ್ಟಿಗೆಯ ಸುತ್ತ ಶಿಷ್ಯರು ನಿಂತಿದ್ದರು. ಹಲಿನಾ ಅವನ ತೋಳು ಹಿಡಿದು ಬದಿಗೆ ಕರೆದರು.

"ಇವರೆಲ್ಲ ಅವರನ್ನ ಆಡ್ಕೊಂಡಿದ್ದು ಅಷ್ಟಿಷ್ಟಲ್ಲಪ್ಪ. 'ಮೇಷ್ಟ್ರೇ, ಎಬ್ಬಿಸೋಕೆ ಕ್ರೇನು ತರಿಸ್ಲಾ' ಅಂತ. ಅವರು, 'ಕಂಪ್ಯೂಟರಿನ ತಪ್ಪು ಕಣ್ರೋ, ಕಯೇತಾನ್ ಸರಿಮಾಡ್ತಾನೆ' ಅಂತಿದ್ರು. ಯಾರೂ ನಂಬಲಿಲ್ಲ. ಅದು ಕಂಪ್ಯೂಟರಿನ ತಪ್ಪೇ ಅಂತ ನೀನೇ ಒಂದು ಮಾತು ಹೇಳ್ಬಿಡು."

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಆ ಒಂದು ಶಬ್ದ ಗಂಟಲಿನ ತನಕ ಬಂದಿತ್ತು ಕೂಡ.

"ಅದು ಕಂಪ್ಯೂಟರಿನ ತಪ್ಪಲ್ಲಮ್ಮ," ಎಂದ ಕಯೇತಾನ್. "ಬೇಕಂತಲೇ ನಾನೇ ಮಾಡಿದ್ದು. ಸರಿಮಾಡೋ ಯೋಚನೇನೇ ಇರಲಿಲ್ಲ. ಅವರಿಗೆ ಮೂರು ಸಲ ಸುಳ್ಳು ಹೇಳಿದೆ."

ಹಲಿನಾ ಅವನ ತೋಳು ಬಿಟ್ಟರು. "ಇಷ್ಟು ಹೇಳೋಕೆ ಅವರು ಸಾಯಬೇಕಿತ್ತೇನೋ?"

ಹಲಿನಾ ಶಿಷ್ಯರ ಕಡೆ ಕೈ ತೋರಿಸಿದರು.

"ನನಗೆ ಹೇಳಿದ್ದನ್ನ ಅವರಿಗೂ ಹೇಳು, ಹೋಗು."

ಅವನು ಶಿಷ್ಯರ ಮುಂದೆ ನಿಂತು ಹೇಳಿದ. ಮೇಷ್ಟ್ರು ಕಲಿಸಿದ್ದು ಸರಿಯಾಗಿತ್ತೆಂದೂ, ಕೆಡಿಸಿದವನು ತಾನೆಂದೂ, ಅವರ ಹೆಸರನ್ನು ಇಟ್ಟುಕೊಂಡೇ ಕೆಡಿಸಿದೆನೆಂದೂ ಹೇಳಿದ. ಯಾರೂ ಬೈಯಲಿಲ್ಲ. ಕ್ರೇನಿನ ಮಾತಾಡಿದವರೂ ತಲೆ ತಗ್ಗಿಸಿದರು. ಅಷ್ಟರಲ್ಲಿ ಪಾದ್ರಿಗಳು ಬಂದರು. ಕಯೇತಾನ್ ಎಲ್ಲರ ಹಿಂದೆ, ಬಾಗಿಲ ಹತ್ತಿರದ ತಣ್ಣನೆಯ ಕಲ್ಲಿನ ಮೇಲೆ ಮೊಣಕಾಲೂರಿದ. ತಲೆಯೆತ್ತುವ ಧೈರ್ಯ ಬರಲಿಲ್ಲ. ಬೇರೆಯವರ ದನಿಯೊಳಗೆ ತನ್ನ ದನಿಯನ್ನೂ ಸೇರಿಸಿದ:

"ಪ್ರಭುವೇ, ನಿನ್ನ ಮಗ ಸೆವೆರಿನನ ದಣಿವನ್ನು ನೀನೇ ಆರಿಸು. ನಿನ್ನ ಬೆಳಕಿನಲ್ಲಿ ಅವನಿಗೆ ಜಾಗ ಕೊಡು. ಅವನ ಆತ್ಮ ಎಂದೆಂದಿಗೂ ಶಾಂತಿಯಲ್ಲಿರಲಿ. ಆಮೆನ್."