ಅಪ್ಪನ ರಿವಾಲ್ವರಿಗೆ ಹೊಸ ಹಿಡಿ

ಬೆಳಗ್ಗೆ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಮಾವ ಆರಿನ್ ಒಳಗೆ ಬಂದು, "ಒಂದು ಉಂಡೆ ತಗೊಂಡು ರಿವಾಲ್ವರ್ ಹಿಡಿದ ಹಾಗೆ ಬಿಗಿಯಾಗಿ ಹಿಡ್ಕೊಮ್ಮ," ಎಂದರು.

"ತಿನ್ನೋ ಹಿಟ್ಟು, ಮಾವ."

"ನಿನ್ನ ಬ್ರೆಡ್ಡು ಹೇಗೂ ಕಲ್ಲಾಗುತ್ತೆ. ಹೊಸ ಹಿಡಿಯ ಅಚ್ಚಿಗಾದ್ರೂ ಆಗ್ಲಿ, ಹಿಡ್ಕೊ."

ವಯೋಮಿಂಗ್‌ನ ನಮ್ಮ ಹುಲ್ಲುಗಾವಲಿನ ಬೇಲಿ ನೋಡಲು ಹೊರಟಾಗಲೆಲ್ಲ ನನ್ನ ಸೊಂಟದಲ್ಲಿರುವುದು ತೀರಿಹೋದ ಅಪ್ಪನ ರಿವಾಲ್ವರ್. ಅದರಷ್ಟು ಇಷ್ಟದ ವಸ್ತು ನನಗೆ ಬೇರೆ ಇಲ್ಲ. ಆದರೆ ಅದರ ಹಿಡಿ ಅಪ್ಪನ ಅಗಲ ಅಂಗೈಯ ಅಳತೆಯದು. ಹೋದ ವಾರ ಬಾಲ ಗಲಗಲಿಸುವ ಹಾವೊಂದಕ್ಕೆ ಗುರಿಯಿಟ್ಟಾಗ ಅದು ಕೈಯಲ್ಲಿ ಹೊರಳಿತು, ಗುಂಡು ತಪ್ಪಿತು. ಆ ಹಾವು ಕಚ್ಚಿದ ನನ್ನ ಕುದುರೆಯ ಮೂತಿ ಇನ್ನೂ ಊದಿಕೊಂಡಿದೆ. ಆದರೂ ಅಪ್ಪನ ಹೆಬ್ಬೆರಳು ಸವೆಸಿದ ಆ ಮರದ ಹಿಡಿಯನ್ನು ಬಿಚ್ಚಲು ನನಗೆ ಮನಸ್ಸಿರಲಿಲ್ಲ.

ನಾನು ಹಿಡಿದುಕೊಟ್ಟ ಹಿಟ್ಟನ್ನು ಮಾವ ಒಲೆಯ ಬಳಿ ಒಣಗಿಸಿ, ಬೆರಳಿನ ಗುರುತುಗಳನ್ನು ಅಳೆದು, ವಾರವಿಡೀ ಅಕ್ರೋಟು ಮರ ಕೆತ್ತಿದರು. ನನ್ನ ಎಂಟು ವರ್ಷದ ಮಗಳು ಡೆಲ್ಲಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಏನೋ ಕೇಳಬೇಕೆಂದು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದಳು.

ಹೊಸ ಹಿಡಿ ಕೂಡಿಸಿದ ದಿನ ನನ್ನ ಬೆರಳುಗಳು ತಮ್ಮ ಜಾಗವನ್ನು ತಾವೇ ಕಂಡುಕೊಂಡವು. ಬೇಲಿಗೂಟದ ಮೇಲಿಟ್ಟ ಡಬ್ಬ ಮೊದಲ ಗುಂಡಿಗೇ ಉರುಳಿತು.

"ಸರಿಯಾಯ್ತಾ?" ಎಂದರು ಮಾವ.

"ಸರಿಯಾಯ್ತು," ಎಂದೆ.

ಒಳಗೆ ಬಂದು ಹಳೆಯ ಹಿಡಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಡೆಲ್ಲಾ ನನ್ನ ಕೈ ತಡೆದು, ನನ್ನಪ್ಪ ಸವೆಸಿದ ಕುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದಳು.

"ಅಮ್ಮಾ, ನಾನು ದೊಡ್ಡೋಳಾದ್ಮೇಲೆ ನಿನ್ನ ಹಿಡಿನೂ ಹೀಗೇ ಬಿಚ್ಚಿಡ್ಬೇಕಾ?"