ಸೊನ್ನೆ ಎನ್ನುವ ಮಂಡಿ

ಕುಂಟುತ್ತ ಒಳಗೆ ಬಂದ ಮುದುಕನನ್ನು ಫಿಸಿಯೋಥೆರಪಿಯ ವೈದ್ಯೆ ನೋಡಿದ ಕೂಡಲೇ ಗುರುತಿಸಿದಳು; ಅವನು ಅವಳನ್ನು ಗುರುತಿಸಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಓಟದ ತರಬೇತಿಗೆ ಬರುತ್ತಿದ್ದ ಹುಡುಗಿಯರೆಲ್ಲ ಅವನನ್ನು ಸೀಟಿ ಸರ್ ಎನ್ನುತ್ತಿದ್ದರು. ಮೈದಾನದ ಸುತ್ತ ಕುಕ್ಕರಗಾಲಿನಲ್ಲಿ ಕಪ್ಪೆಗಳಂತೆ ಜಿಗಿಸುವುದೇ ಅವನ ವಿದ್ಯೆ. ಮಂಡಿ ನೋಯುತ್ತದೆ ಎಂದವಳಿಗೆ ಇನ್ನೊಂದು ಸುತ್ತು. ಹದಿನಾರನೆಯ ವಯಸ್ಸಿನಲ್ಲಿ ಹಾಗೆ ಮೂರು ಬಾರಿ ಹೇಳಿ, ಮೂರು ಸುತ್ತು ಹೆಚ್ಚಾಗಿ ಜಿಗಿದ ಈ ವೈದ್ಯೆಗೆ ಅವನಿಟ್ಟ ಹೆಸರು ನಾಜೂಕು. ಆ ವರ್ಷವೇ ಅವಳ ಓಟ ಮುಗಿಯಿತು. ಇಂದಿಗೂ ನೆಲದ ಮೇಲೆ ಕುಳಿತರೆ ಏಳಲು ಅವಳಿಗೆ ಗೋಡೆ ಬೇಕು.

ಬೆಳೆಯುವ ಮಕ್ಕಳ ಮೈಯನ್ನು ತನ್ನ ಪದಕಗಳಿಗೆ ಮೆಟ್ಟಿಲು ಮಾಡಿಕೊಂಡವನನ್ನು ಲೋಕ ಗುರುವೆಂದು ಕರೆಯಿತು, ಅವನ ಚಿತ್ರವನ್ನು ಗೋಡೆಗೇರಿಸಿತು. ಸವೆದುಹೋದ ಮಂಡಿಗಳ ಪಟ್ಟಿಯನ್ನು ಮಾತ್ರ ಯಾರೂ ಬರೆದಿಡಲಿಲ್ಲ.

“ಮುಂದಿನ ತಿಂಗಳು ಶಿಬಿರ ಇದೆ ಡಾಕ್ಟರಮ್ಮ,” ಎಂದ ಅವನು. “ನಲವತ್ತು ಹುಡುಗಿಯರು. ಜಿಗಿತ ನಾನೇ ಮಾಡಿ ತೋರಿಸ್ಬೇಕು. ಇಲ್ಲದಿದ್ರೆ ಮೈಗಳ್ಳತನ ಶುರು ಮಾಡ್ತಾರೆ.”

“ನೋವು ಎಷ್ಟಿದೆ ಸರ್? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು.”

“ಸೊನ್ನೆ.”

“ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ, ನನ್ನ ಮುಖ ನೋಡೋಕಾ?”

“ಮನೆಯವಳ ಕಾಟ ತಡೆಯೋಕಾಗದೆ ಬಂದೆ. ಅದಕ್ಕೆ ಬೇಕಾದ್ರೆ ಹತ್ತು ಬರ್ಕೊಳ್ಳಿ.”

ಅವಳು ನಗಲಿಲ್ಲ. ಹೇಳಬೇಕಾದುದನ್ನು ಒಂದಕ್ಷರ ಬಿಡದೆ ಹೇಳಿದಳು. ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹದವಾಗಿ ಒತ್ತಿ ಬಿಟ್ಟಂತೆ ಒತ್ತಿ ಬಿಟ್ಟಾಗಲೇ ಅದು ಕೀಲಿನ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಅಲುಗಾಡಿಸದೆ ಬಿಟ್ಟರೆ ಸೊರಗುತ್ತದೆ, ಊದಿಕೊಂಡಾಗ ಜಜ್ಜಿದರೆ ಸವೆಯುತ್ತದೆ. ಆದ್ದರಿಂದ ನಿಂತಲ್ಲೇ ನಿಲ್ಲುವ ವ್ಯಾಯಾಮದ ಸೈಕಲ್ಲು, ಹಗುರವಾಗಿ, ದಿನಕ್ಕೆ ಹತ್ತು ನಿಮಿಷ. ಜಿಗಿತ ಕೂಡದು.

“ಹತ್ತು ನಿಮಿಷಾನಾ? ತೊಟ್ಟಿಲ ಕೂಸಿಗೆ ಹೇಳೋ ಮಾತು ಅದು.”

“ನಾನು ಹೇಳೋದು ಹೇಳಿದೀನಿ ಸರ್.”

ಅಷ್ಟೇ. ಅವನು ಮನೆಯಲ್ಲಿ ಹತ್ತರ ಬದಲು ನಲವತ್ತು ನಿಮಿಷ ತುಳಿಯುತ್ತಾನೆ, ಅದರ ಮೇಲೆ ಜಿಗಿಯುತ್ತಾನೆ ಎಂಬುದು ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಬೇರೆ ಯಾವ ರೋಗಿಯಾಗಿದ್ದರೂ ಎದುರಿಗೆ ಕೂರಿಸಿಕೊಂಡು ಗದರುತ್ತಿದ್ದಳು, ಮನೆಯವರನ್ನು ಕರೆಸುತ್ತಿದ್ದಳು. ಇವನಿಗೆ ಅದೊಂದನ್ನೂ ಮಾಡಲಿಲ್ಲ. ಯಾವ ಕಾನೂನಿಗೂ ಸಿಗದ ಆ ಮೌನವೇ ಅವಳ ಸೇಡು. ಆ ಮಂಡಿ ಶಿಬಿರ ಮುಟ್ಟಬಾರದು. ಅವನಿಲ್ಲದೆ ಜಿಗಿತವೂ ನಿಲ್ಲಬೇಕು. ವಾರಕ್ಕೊಮ್ಮೆ ಟೇಪು ಸುತ್ತಿ ಊತವನ್ನು ಅಳೆದಳು. ಎರಡನೆಯ ವಾರಕ್ಕೆ ಒಂದು ಸೆಂಟಿಮೀಟರ್ ಏರಿತ್ತು, ಮೂರನೆಯ ವಾರಕ್ಕೆ ಎರಡೂವರೆ. ಅಳತೆಯ ಪಕ್ಕದಲ್ಲಿ ಅವನ ಉತ್ತರವನ್ನು ದುಂಡಗೆ ಬರೆದಳು: ಸೊನ್ನೆ. ಆ ಸಂಜೆಗಳಲ್ಲಿ ಅವಳಿಗೆ ಊಟ ರುಚಿಸುತ್ತಿತ್ತು.

ನಾಲ್ಕನೆಯ ವಾರ ಅವನು ಗೋಡೆ ಹಿಡಿದು ಬಂದ; ಮುಖದಲ್ಲಿ ಮಾತ್ರ ಗೆಲುವಿತ್ತು.

“ಶಿಬಿರದ ಚಿಂತೆ ತೀರ್ತು ಡಾಕ್ಟರಮ್ಮ. ನನ್ನ ಬದಲು ಒಬ್ಬಳು ಹುಡುಗಿಯನ್ನ ಮುಂದೆ ನಿಲ್ಲಿಸಿದೀನಿ. ಹದಿನೈದು ವರ್ಷ, ಕಲ್ಲಿನಂಥ ಹುಡುಗಿ. ದಿನಕ್ಕೆ ಇನ್ನೂರು ಜಿಗಿತ. ಮಂಡಿ ಸ್ವಲ್ಪ ಊದಿದೆ, ಆದರೆ ಕೇಳಿದ್ರೆ ಸೊನ್ನೆ ಅಂತಾಳೆ. ನಿಮ್ಮ ಲೆಕ್ಕ ಚೆನ್ನಾಗಿದೆ, ಅವಳಿಗೂ ನಾನೇ ಕಲಿಸಿದೆ.”

ವೈದ್ಯೆಯ ಕೈಯಲ್ಲಿದ್ದ ಟೇಪು ಸುರುಳಿ ಬಿಚ್ಚಿ ನೆಲಕ್ಕೆ ಬಿತ್ತು. ಅವಳ ಹಗೆ ಅವನ ಮಂಡಿಯನ್ನು ಹಾದು ಮತ್ತೊಂದು ಮಗುವಿನ ಮಂಡಿಯೊಳಗೆ ಇಳಿದಿತ್ತು. ಅನ್ಯಾಯವನ್ನು ಅರಿತೂ ಸುಮ್ಮನಿದ್ದವರನ್ನು ಅವಳು ಜೀವಮಾನವೆಲ್ಲ ಶಪಿಸಿದ್ದಳು. ಮೂರು ವಾರಗಳಿಂದ ತಾನೂ ಅವರ ಸಾಲಿನಲ್ಲೇ ನಿಂತಿದ್ದಳು.

“ಕುಕ್ಕರಗಾಲಲ್ಲಿ ಕೂತ್ಕೊಳ್ಳಿ ಸರ್.”

“ಈಗಲೇನಾ?”

“ಸೊನ್ನೆ ಅಂದ್ರಲ್ಲ.”

ಅವನು ಅರ್ಧ ಬಗ್ಗಿದ. ಬೆವರು ಕಿತ್ತು ಬಂತು. ಮಂಚದ ಅಂಚನ್ನು ತಬ್ಬಿ ಹಿಡಿದ. ಅವಳು ಕೈ ಚಾಚಲಿಲ್ಲ.

“ನೀವು ನಲವತ್ತು ನಿಮಿಷ ತುಳೀತೀರಿ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಈ ಕಾಲು ಹಾಳಾಗ್ಲಿ ಅಂತಲೇ ಬಾಯಿ ಮುಚ್ಕೊಂಡಿದ್ದೆ. ಅದು ನನ್ನ ತಪ್ಪು. ನಿಮ್ಮ ಚಿಕಿತ್ಸೆಯ ಕಾಗದದಲ್ಲಿ ಹಾಗೇ ಬರೀತೀನಿ. ನಾನು ನಾಜೂಕು ಸರ್.”

ಅವನು ತಲೆಯೆತ್ತಿ ಅವಳ ಮುಖ ನೋಡಿದ. “ಮೂರನೇ ಟ್ರ್ಯಾಕಲ್ಲಿ ಓಡ್ತಿದ್ದವಳು,” ಎಂದ. “ಎಡ ಮಂಡಿ.”

“ನೆನಪಿದೆ ಅಂದ್ಮೇಲೆ, ಅವತ್ತು ನಾನು ನಾಟಕ ಆಡಿರಲಿಲ್ಲ ಅಂತಲೂ ಗೊತ್ತಿತ್ತು.”

ಅವನು ಮಂಚದ ಅಂಚು ಹಿಡಿದು ಮೇಲೇಳಲು ನೋಡಿದ.

“ಆ ಹುಡುಗಿಗೆ ಫೋನ್ ಮಾಡಿ. ಜೋರಾಗಿ ಕೇಳೋ ಹಾಗೆ ಇಡಿ. ಮೊದಲು ನಿಮ್ಮ ನೋವು ಹೇಳಿ, ಆಮೇಲೆ ಅವಳದ್ದು ಕೇಳಿ.”

“ಹುಡುಗಿ ಎದುರು ನಾನು ಹೆಂಗೆ...”

“ಅವತ್ತೂ ನಲವತ್ತು ಜನರ ಎದುರು ನನ್ನ ನೋವು ನಾನು ಹೇಳಿದ್ದೆ.”

ಅವನು ಮಂಚದ ಮೇಲೆ ಕುಸಿದು, ಫೋನ್ ಒತ್ತಿದ.

“ಸರ್?” ಎಂದಿತು ಆ ಕಡೆಯ ಎಳೆಯ ಧ್ವನಿ. “ನೂರೈವತ್ತು ಆಯ್ತು ಸರ್. ಇನ್ನು ಐವತ್ತು.”

“ನಿಲ್ಲಿಸು ಮಗಳೇ.” ಎಂದ ಅವನು. “ನನಗೆ ಮಂಡಿ ನೋವಿದೆ. ಎಂಟು. ನಿನ್ನದು ಎಷ್ಟು? ನಿಜ ಹೇಳು.”

ಆ ಕಡೆಯಿಂದ ಏದುಸಿರಿನ ನಡುವೆ ಉತ್ತರ ಬಂತು, “ಏಳು ಸರ್. ಬೆಳಗ್ಗೆ ಎದ್ದಾಗ ಒಂಬತ್ತು. ಬೈಬೇಡಿ ಸರ್.”

ವೈದ್ಯೆ ಅವನ ಕೈಯಿಂದ ಫೋನ್ ತೆಗೆದುಕೊಂಡು, ಇವತ್ತೇ ಸಂಜೆ ಅಮ್ಮನ ಜೊತೆ ಬಾ ಎಂದು ಹೇಳಿ ವಿಳಾಸ ಕೊಟ್ಟಳು. ಅನಂತರ ಕೋಣೆಯ ಮೂಲೆಯಲ್ಲಿದ್ದ ಸೈಕಲ್ಲಿನ ಬಿಗಿಯನ್ನು ತೀರ ಸಡಿಲಿಸಿ, ಗಡಿಯಾರವನ್ನು ಹತ್ತು ನಿಮಿಷಕ್ಕೆ ತಿರುಗಿಸಿದಳು.

“ಸೇಡು ತೀರ್ತಾ?” ಎಂದು ಕೇಳಿದ ಅವನು, ತಲೆ ತಗ್ಗಿಸಿ.

“ಇಲ್ಲ,” ಎಂದಳು ಅವಳು. “ಶಿಬಿರದ ದಿನ ನಾನೂ ಬರ್ತೀನಿ. ಆ ಎಂಟನ್ನ ನಲವತ್ತು ಜನಕ್ಕೂ ನೀವು ಹೇಳ್ಬೇಕು. ಸೈಕಲ್ ಹತ್ತಿ, ತುಳೀರಿ.”