ಮೂಲೆಯವರೆಗೆ ಸಾಕು

ನಮ್ಮ ಮನೆಯಲ್ಲಿ ಅಂದಾಜು ಎಂಬ ಮಾತಿಲ್ಲದೆ ಹೊತ್ತು ಹೋಗುವುದಿಲ್ಲ. ಹಿಟ್ಟಿಗೆ ನೀರು ಅಂದಾಜು, ನಮ್ಮ ಯಜಮಾನರು ಕೆಲಸ ಮುಗಿಸಿ ಬರುವ ಹೊತ್ತೂ ಅಂದಾಜು. ಆದರೆ ಗೋಡೆಗೆ ಬಣ್ಣ ಬಳಿಯುವ ಇವರ ಬಾಯಲ್ಲಿ ಆ ಮಾತಿಗೆ ತೂಕ ಜಾಸ್ತಿ. ಕೈಯಲ್ಲಿ ಬೆರೆಸಿದ ಬಣ್ಣ ಗೋಡೆಯ ನಡುವೆ ಮುಗಿದುಹೋದರೆ ಕಷ್ಟ. ಮತ್ತೆ ಬೆರೆಸಿದ್ದು ಹಾಗೇ ಬರುವುದಿಲ್ಲ, ತೇಪೆ ಹಾಕಿದಂತೆ ಕಾಣುತ್ತದೆ.

ಇವರು ಏಣಿಯಿಂದ ಜಾರಿ ಕೈ ಮುರಿದುಕೊಂಡಿದ್ದರಿಂದ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬಣ್ಣ ಬಳಿಯುವ ಕೆಲಸ ಮಗಳ ಪಾಲಿಗೆ ಬಂತು. ಅವಳು ಒಬ್ಬಳೇ ಮಾಡುವ ಮೊದಲ ಕೆಲಸ. ರೋಗಿಗಳು ಕಾಯುವ ಕೋಣೆ ಚೆನ್ನಾಗಿ ಬಂದರೆ ಮಹಡಿಯ ಕೆಲಸವೂ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆ ಕೋಣೆಯಲ್ಲಿ ಎರಡು ಗೋಡೆಗೆ ಮಾತ್ರ ತಿಳಿಹಸಿರು, ಉಳಿದೆರಡು ಹಳೇ ಬಿಳಿಯಲ್ಲೇ ಇರಲಿ ಎಂದಿದ್ದರು.

"ಎರಡು ಗೋಡೆಗೆ ಎಷ್ಟು ಬೆರೆಸ್ತೀಯ?" ಎಂದು ಇವರು ಕೇಳಿದರು.

"ಈ ಬಕೆಟ್ ಸಾಕಪ್ಪ."

"ಗೋಡೆ ನೋಡಿ ಹೇಳ್ತಿದೀಯೋ, ಬಕೆಟ್ ನೋಡಿ ಹೇಳ್ತಿದೀಯೋ?"

"ಎರಡನ್ನೂ ನೋಡಿದೀನಿ. ನೀವು ಕೈ ಅಲ್ಲಾಡಿಸ್ದೆ ಕೂತ್ಕೊಳಿ."

ಮಧ್ಯಾಹ್ನ ನಾನು ಒಲೆ ಒರೆಸಿ, ಅವಳ ಊಟ ಕಟ್ಟಿಕೊಂಡು ಕ್ಲಿನಿಕ್ಕಿಗೆ ಹೋದೆ. ಬಾಗಿಲಿನ ಎದುರಿನ ಉದ್ದ ಗೋಡೆ ಇನ್ನೂ ಮುಗಿದಿರಲಿಲ್ಲ, ಬಕೆಟ್ ಮಾತ್ರ ತಳ ಕಂಡಿತ್ತು. ಹಳೇ ಕಪಾಟು ಕಿತ್ತ ಜಾಗಕ್ಕೆ ಹೊಸ ಗಾರೆ ಮೆತ್ತಿದ್ದರಂತೆ. ಅದು ಬಣ್ಣವನ್ನು ಗಟಗಟ ಕುಡಿದಿತ್ತು.

"ಬಾಯಾರಿದ ಗೋಡೆ ಕಣಮ್ಮ. ಮುಟ್ಟಿ ನೋಡ್ಬೇಕಿತ್ತು, ನೋಡ್ಲಿಲ್ಲ," ಎಂದಳು.

ಅಷ್ಟರಲ್ಲಿ ಡಾಕ್ಟರಮ್ಮ ಬಂದು ಬಕೆಟ್ಟಿನೊಳಗೆ ಇಣುಕಿದರು. "ಸಾಲುತ್ತೇನಮ್ಮಾ?"

ಮಗಳು ರೋಲರನ್ನು ಕೆಳಗಿಡಲೂ ಇಲ್ಲ.

"ಎರಡು ಗೋಡೆಗೆ ಸಾಲಲ್ಲ ಮೇಡಂ. ನನ್ನ ಅಂದಾಜು ತಪ್ಪಿತು. ಇದನ್ನ ಮೂಲೆವರೆಗೂ ಮುಟ್ಟಿಸ್ತೀನಿ. ಕಿಟಕಿ ಗೋಡೆಗೆ ಹೊಸದಾಗಿ ಬೆರೆಸ್ತೀನಿ."

"ಬೇರೆ ಬೇರೆ ಕಾಣಲ್ವಾ?"

"ಆ ಎರಡು ಹಳೇ ಗೋಡೆ ನೋಡಿ. ಒಂದೇ ಬಿಳಿ ಹೊಡೆದಿದ್ದು. ಒಂದೇ ಥರ ಕಾಣ್ತಿದ್ಯಾ? ಮೂಲೆ ತಿರುಗಿದ್ರೆ ಬೆಳಕು ಬೇರೆ."

ಡಾಕ್ಟರಮ್ಮ ಗೋಡೆಗಳನ್ನು ನೋಡಿದರು, ಮಗಳನ್ನು ನೋಡಿದರು. "ಸಂಜೆ ಬಂದು ನೋಡ್ತೀನಿ," ಎಂದು ಹೊರಟರು.

ಮೂಲೆ ಮುಟ್ಟಲು ಇನ್ನೂ ಒಂದು ಮಾರು ಗೋಡೆ ಇತ್ತು. ಅಷ್ಟಕ್ಕೂ ಸಾಲದೆಂದು ಅವಳ ಮುಖವೇ ಹೇಳುತ್ತಿತ್ತು. ನಾನು ಬಕೆಟ್ ಎಳೆದುಕೊಂಡು, ಊಟದ ಡಬ್ಬಿಯ ಮುಚ್ಚಳದಿಂದ ಸುತ್ತ ಅಂಟಿದ್ದನ್ನು ಕೆರೆಯತೊಡಗಿದೆ.

"ಅಮ್ಮಾ, ಅದು ಊಟದ ಮುಚ್ಚಳ."

"ಗೊತ್ತು. ಹಿಟ್ಟಿನ ಪಾತ್ರೆಗೆ ಅಂಟಿರೋದ್ರಲ್ಲೇ ಇನ್ನೊಬ್ಬರ ಊಟ ಇರುತ್ತೆ. ನೀನು ಬಳಿ."

ನಾನು ಕೆರೆದೆ, ಅವಳು ಬಳಿದಳು. ಮೂಲೆಗೆ ರೋಲರ್ ತಾಗಿದಾಗ ಬಕೆಟ್ಟು ತೊಳೆದಷ್ಟು ಚೊಕ್ಕಟವಾಗಿತ್ತು. ಊಟ ಮುಗಿಸಿ ಕಿಟಕಿ ಗೋಡೆಗೆ ಬೆರೆಸಿಕೊಂಡಳು, ಈ ಸಲ ಗೋಡೆ ಮುಟ್ಟಿ ನೋಡಿ.

ಸಂಜೆ ಡಾಕ್ಟರಮ್ಮ ದೀಪ ಹಾಕಿ ನೋಡಿದರು, ಆರಿಸಿ ನೋಡಿದರು. ಮೂಲೆಯ ಹತ್ತಿರ ಮೂಗು ತಾಗಿಸುವಷ್ಟು ಬಗ್ಗಿದರು. ಕೊನೆಗೆ, "ಮಹಡಿಗೆ ಎಷ್ಟು ಬಣ್ಣ ಬೇಕಾಗುತ್ತೆ?" ಎಂದರು.

ಮಗಳು ಬಟ್ಟೆಯೊಂದನ್ನು ನೀರಿಗೆ ಅದ್ದಿ ಹಿಂಡಿ, ಮೆಟ್ಟಿಲು ಹತ್ತಿದಳು. ಮೇಲಿನ ಗೋಡೆ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ನೋಡಿ ಬರಲು.

ನಾನು ಕೆಳಗೆ ಡಬ್ಬಿ ಕಟ್ಟಿಕೊಂಡೆ. ಮುಚ್ಚಳದ ಅಂಚಿನ ತಿಳಿಹಸಿರು ಇಂದಿಗೂ ಹೋಗಿಲ್ಲ. ಉಜ್ಜುವುದನ್ನೂ ಬಿಟ್ಟಿದ್ದೇನೆ.